ಮೂಲೆಮನೆಯ ಗೋಡೆ

ಆ ದಿನ ಬೀದಿಯವರೆಲ್ಲ ಬಡವರಾಗಿ ಕಾಣಬೇಕು ಎಂದು ಮಾತಾಗಿತ್ತು. ಇಸ್ತ್ರಿಯಕ್ಕನ ಅತ್ತೆಗೆ ಮಾತ್ರ ಅದು ತಲೆಗೆ ಹೋಗಿರಲಿಲ್ಲ. ಕಚೇರಿಯವರು ಬರುತ್ತಾರಂತೆ ಎಂದು ಬಾಗಿಲಿಗೆ ಹೊಸ ಪರದೆ ಕಟ್ಟಿದ್ದಳು. ಎದುರುಮನೆಯ ಅರ್ಜಿಯಣ್ಣ ಓಡಿಬಂದ.

"ಅಜ್ಜಿ, ಮೊದಲು ಅದನ್ನ ಬಿಚ್ಚಿ. ಹಳೇ ಗೋಣಿಚೀಲ ಇದ್ರೆ ಕಟ್ಟಿ."

"ನಮ್ಮನೇಲಿ ಸಾವಾಗಿದೆಯೇನೋ, ಗೋಣಿ ಕಟ್ಟೋಕೆ?"

"ತೆರಿಗೆ ಕಟ್ಟೋ ದಿನ ಗೊತ್ತಾಗುತ್ತೆ, ಸಾವು ಅಂದ್ರೆ ಏನು ಅಂತ."

ಅತ್ತೆ ಗೊಣಗುತ್ತಲೇ ಪರದೆ ಬಿಚ್ಚಿದಳು. ಮೇಜಿನ ಹಿಂದೆ ನಿಂತು ಯಾರದೋ ಅಂಗಿಯ ಕಾಲರು ತಿಕ್ಕುತ್ತಿದ್ದ ಇಸ್ತ್ರಿಯಕ್ಕನಿಗೆ ನಗು ಬಂತು.

ಹಿಂದಿನ ರಸ್ತೆಗೆ ಟಾರು ಬಿದ್ದದ್ದೇ ನೆಪವಾಗಿ ಕಚೇರಿಯವರು ಈ ಬೀದಿಯನ್ನೂ ಮೇಲಿನ ದರ್ಜೆಗೆ ಏರಿಸಿದ್ದರು. ಮನೆ ತೆರಿಗೆ ಎರಡು ಪಟ್ಟಾಗುವುದರಲ್ಲಿತ್ತು. ಬೀದಿಯ ಚರಂಡಿ ಮಾತ್ರ ಬಾಯಿ ತೆರೆದುಕೊಂಡೇ ಇತ್ತು. ಕಂಬದ ದೀಪ ಕಣ್ಣು ಬಿಟ್ಟು ವರ್ಷವಾಗಿತ್ತು. ಮೂಲೆಮನೆಯ ಯಜಮಾನರು ಬೀಗ ಹಾಕಿ ಹೋದವರು ತಿರುಗಿ ನೋಡಿರಲಿಲ್ಲ. ಬಾಗಿಲು, ಕಿಟಕಿ, ಕೊನೆಗೆ ಆ ಬೀಗವೂ ಕಳ್ಳರ ಪಾಲಾಗಿತ್ತು. ಅರ್ಜಿಯಣ್ಣ ತಕರಾರು ಬರೆದು ಹಾಕಿದ. ಅವನಿಗೆ ಊಟ ತಪ್ಪಿದರೂ ನಡೆಯುತ್ತಿತ್ತು, ಅರ್ಜಿ ಬರೆಯುವುದು ತಪ್ಪಬಾರದು. ಕಣ್ಣಾರೆ ನೋಡಿಕೊಂಡು ಹೋಗಲು ಒಬ್ಬನನ್ನು ಕಳಿಸುತ್ತೇವೆ ಎಂದು ಕಚೇರಿಯಿಂದ ಉತ್ತರ ಬಂದಿತ್ತು.

ಇಸ್ತ್ರಿಯಕ್ಕನ ಗಂಡ ಗಾರೆ ಮೇಸ್ತ್ರಿ. ಮೂಲೆಮನೆಯ ಮುಂದಿನ ಗೋಡೆ ಬೀದಿಯ ಕಡೆಗೆ ವಾಲಿದ್ದನ್ನು ನೋಡಿ, ಯಾರೂ ಹೇಳದಿದ್ದರೂ, ದಪ್ಪ ಮರದ ತೊಲೆಯೊಂದನ್ನು ಆಸರೆಯಾಗಿ ಕೊಟ್ಟಿದ್ದ.

"ಮೇಸ್ತ್ರಿ, ಆ ಮರ ತೆಗೆದುಬಿಡು. ಅದಿದ್ರೆ ಎಲ್ಲಾ ಸರಿಮಾಡ್ಕೊಂಡಿದ್ದಾರೆ ಅಂತ ಬರ್ಕೊಂಡು ಹೋಗ್ತಾನೆ," ಎಂದ ಅರ್ಜಿಯಣ್ಣ.

"ತೆಗೀತೀನಿ. ಅವನು ಆ ಕಡೆ ಹೋದ ಕೂಡ್ಲೆ ಮತ್ತೆ ಕೊಡ್ತೀನಿ. ಆಗ ಅಡ್ಡ ಬರಬಾರದು."

ಮೇಸ್ತ್ರಿ ಅಂದು ಕೆಲಸಕ್ಕೂ ಹೋಗಲಿಲ್ಲ. ಮರ ತೆಗೆಯಲು ಹೊರಡುವ ಮುಂಚೆ ಹೆಂಡತಿಯ ಮುಂದೆ ಅಂಗಿ ಹಿಡಿದ. "ಒಂದೆರಡು ಸಲ ಇಸ್ತ್ರಿ ಪೆಟ್ಟಿಗೆ ಆಡಿಸೇ. ಅಧಿಕಾರಿ ಮುಂದೆ ನಿಲ್ಲಬೇಕು."

"ಬಡವರಾಗಿ ಕಾಣ್ಬೇಕಂತಲ್ಲ. ಸುಕ್ಕಲ್ಲೇ ಹೋಗ್ರಿ."

ಅವನು ಸುಕ್ಕಲ್ಲೇ ಹೋದ.

ಬೀದಿ ಕಾಯಿತು. ಹಿಟ್ಟಿನ ಗಿರಣಿಯವಳು ವ್ಯಾಪಾರವಿಲ್ಲ ಎಂದು ತೋರಿಸಲು ಗಿರಣಿ ಮುಚ್ಚಿ ಕೂತಳು. ಮಧ್ಯಾಹ್ನದ ಹೊತ್ತಿಗೆ ನಿಜವಾಗಿಯೂ ವ್ಯಾಪಾರ ಹೋಯಿತೆಂದು ಅರ್ಜಿಯಣ್ಣನನ್ನು ಬೈಯತೊಡಗಿದಳು. ಬಿಸಿಲು ಇಳಿಯಿತು. ಅಧಿಕಾರಿ ಬರಲಿಲ್ಲ. ಮೇಸ್ತ್ರಿ ಮರವನ್ನು ಮತ್ತೆ ಗೋಡೆಗೆ ಕೊಡಲು ಹೋದರೆ ನಾಲ್ಕು ಜನ ತಡೆದರು. ನಾಳೆ ಬಂದೇ ಬರ್ತಾನೆ, ಮತ್ತೆ ತೆಗೆಯೋ ಕೆಲಸ ಯಾಕೆ, ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ ಎಂದರು. ಮೇಸ್ತ್ರಿ ಬೀದಿಯ ಮಕ್ಕಳನ್ನು ಆ ಕಡೆ ಸುಳಿಯಬೇಡಿ ಎಂದು ಗದರಿಸಿ ಮನೆಗೆ ಬಂದ. ಊಟ ಮಾಡುವಾಗಲೂ ಎರಡು ಸಲ ಎದ್ದು ಬಾಗಿಲಲ್ಲಿ ನಿಂತು ಮೂಲೆಯ ಕಡೆ ನೋಡಿದ.

ಬೆಳಗಾಗುತ್ತಲೇ, "ಯಾರು ಏನಾದ್ರೂ ಅನ್ಲಿ, ಮರ ಕೊಟ್ಟು ಬರ್ತೀನಿ," ಎಂದು ಹೊರಟ.

ಸದ್ದು ಕೇಳಿದಾಗ ಇಸ್ತ್ರಿಯಕ್ಕ ಒಳಗಿದ್ದಳು. ಯಾರ ಮನೆಗೋ ಮರಳಿನ ಲೋಡು ಇಳಿಯಿತು ಎಂದುಕೊಂಡಳು. ಮೇಸ್ತ್ರಿಯ ಹೆಂಡತಿಗೆ ಬೇರೆ ಏನು ತೋಚೀತು.

ಗೋಡೆಯಡಿಯಿಂದ ಎತ್ತಿದ ಮೇಸ್ತ್ರಿಯನ್ನು ಮಣ್ಣು ಮಾಡಿ ಬಂದ ಮೇಲೆ ಅಧಿಕಾರಿ ಬಂದ. ಇಟ್ಟಿಗೆಯ ರಾಶಿ ನೋಡಿದ. ಫೋಟೋ ಹೊಡೆದ. ಈ ಬೀದಿ ಕೆಳಗಿನ ದರ್ಜೆಗೇ ಸರಿ ಎಂದು ಬರೆದುಕೊಂಡು ಹೋದ. ಸುದ್ದಿ ಹೇಳಲು ಅರ್ಜಿಯಣ್ಣ ಬಂದು ಬಾಗಿಲ ಹೊರಗೇ ನಿಂತ.

"ತೆರಿಗೆ ಇಳಿಸಿದ್ರಕ್ಕ. ಹೋಗೋವಾಗಲೂ ಮೇಸ್ತ್ರಿ ಬೀದಿಗೆ ಉಪಕಾರ ಮಾಡಿಯೇ ಹೋದ."

ಒಳಗಿನಿಂದ ಅತ್ತೆಯ ದನಿ ಕೇಳಿತು. "ಆ ಮಾತು ಇನ್ನೊಂದ್ಸಲ ಆಡು. ಕಾದ ಪೆಟ್ಟಿಗೆ ತಂದು ನಾಲಿಗೆ ಮೇಲೆ ಇಡ್ತೀನಿ."

ಬಿದ್ದದ್ದು ಮುಂದಿನ ಗೋಡೆ. ಪಕ್ಕದ ಗೋಡೆ ಹಾಗೇ ನಿಂತಿತ್ತು. ಅದು ಮನೆಯ ಮಗ್ಗುಲಿನ ಓಣಿಯ ಮೇಲೆ ವಾಲಿತ್ತು. ಮಕ್ಕಳು ಶಾಲೆಗೆ ಹೋಗುವುದು ಅದೇ ಓಣಿಯಲ್ಲಿ.

ಇಸ್ತ್ರಿಯಕ್ಕನಿಗೆ ಕೂತರೆ ಕೂರಲಾಗುತ್ತಿರಲಿಲ್ಲ. ಒಂದು ತೋಳು ತಿಕ್ಕುವಷ್ಟರಲ್ಲಿ ಪೆಟ್ಟಿಗೆ ಎತ್ತಿಟ್ಟು ಮೂಲೆಗೆ ಹೋಗಿ ನೋಡಿ ಬರುತ್ತಿದ್ದಳು. ಬಂದು ಇನ್ನೊಂದು ತೋಳು. ಮತ್ತೆ ಮೂಲೆ. ಒಮ್ಮೆ ಪೆಟ್ಟಿಗೆ ಎತ್ತಿಡುವುದನ್ನು ಮರೆತು ಹೋಗಿ ಯಾರದೋ ಪ್ಯಾಂಟು ಸುಟ್ಟಳು. ಅಳು ಬರುತ್ತಿರಲಿಲ್ಲ. ಕಾಲು ನಿಲ್ಲುತ್ತಿರಲಿಲ್ಲ, ಅಷ್ಟೇ. ಮಕ್ಕಳು ಬರುವ ಹೊತ್ತಿಗೆ ಓಣಿಯ ಬಾಯಲ್ಲಿ ನಿಂತು, "ಸುತ್ತಿ ಬಳಸಿ ಹೋಗ್ರೋ," ಎಂದು ಕೂಗುತ್ತಿದ್ದಳು. ಮಕ್ಕಳು ಎರಡು ದಿನ ಕೇಳಿದವು. ಆಮೇಲೆ ಅವಳ ಕೈಯಡಿ ನುಸುಳಿ ಓಡುವುದೇ ಅವಕ್ಕೊಂದು ಆಟವಾಯಿತು.

ಅವಳು ಅರ್ಜಿಯಣ್ಣನ ಮನೆಗೆ ಹೋದಳು. "ಆ ಗೋಡೆ ಕೆಡವಿಸು."

"ಕೆಡವೋಣಕ್ಕ. ಈಗ ಬೇಡ. ಇಳಿಸಿರೋದು ಈ ವರ್ಷಕ್ಕೆ ಮಾತ್ರ. ಬರೋ ವರ್ಷ ಮತ್ತೆ ನೋಡೋಕೆ ಬರ್ತಾರೆ. ಅಲ್ಲೀವರೆಗೆ ಇರಲಿ."

"ಅಲ್ಲೀವರೆಗೆ ಅದು ನಿಲ್ಲುತ್ತಾ?"

"ತೆರಿಗೆ ಉಳಿಯೋದು ನಿನಗೂ ತಾನೇ? ಇನ್ಮೇಲೆ ಒಂಟಿ ದುಡಿಮೆ ನಿಂದು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಗಿರಣಿಯವಳ ಹತ್ತಿರ ಹೋದರೆ ಅವಳು ಹಿಟ್ಟಿನ ಕೈ ಕೊಡವಿಕೊಂಡು, "ಎಲ್ರೂ ಹ್ಞೂಂ ಅಂದ್ರೆ ನಾನೂ ಹ್ಞೂಂ," ಎಂದಳು. ಎಲ್ಲರನ್ನೂ ಕೇಳಿದ್ದಾಯಿತು. ಎಲ್ಲರೂ ಎಲ್ಲರ ಕಡೆ ಕೈ ತೋರಿಸಿದರು.

ಅವಳು ಕಚೇರಿಗೇ ಹೋದಳು. ಕಿಟಕಿಯ ಹಿಂದೆ ಕೂತಿದ್ದವನು ತಲೆ ಎತ್ತದೆ, "ಮನೆ ಯಜಮಾನರಿಗೆ ನೋಟೀಸು ಕೊಡದೆ ನಾವು ಮುಟ್ಟೋ ಹಾಗಿಲ್ಲಮ್ಮ," ಎಂದ.

"ಅವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ ಬಾಗಿಲಿಗೆ ಅಂಟಿಸ್ತೀವಿ."

"ಬಾಗಿಲೇ ಇಲ್ಲ."

"ಗೋಡೆಗೆ ಅಂಟಿಸ್ತೀವಿ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅದೇ ವಾರ ಒಬ್ಬ ಅಂಟಿನ ಡಬ್ಬ ಹಿಡಿದು ಬಂದ. ನೋಟೀಸನ್ನು ಆ ವಾಲಿದ ಗೋಡೆಗೇ ಮೆತ್ತಿ ಹೋದ. ಅಕ್ಷರ ಸಣ್ಣದು. ಓದಬೇಕಾದರೆ ಹತ್ತಿರ ಹೋಗಿ ಗೋಡೆಗೆ ಮುಖ ಕೊಟ್ಟು ನಿಲ್ಲಬೇಕು. ಬೀದಿಯವರೆಲ್ಲ ಸರದಿಯ ಮೇಲೆ ಹೋಗಿ ನಿಂತರು. ಗೋಡೆ ಅಪಾಯದಲ್ಲಿದೆ, ಯಾರೂ ಹತ್ತಿರ ಸುಳಿಯಬಾರದು ಎಂದು ಅದರಲ್ಲಿ ಬರೆದಿತ್ತಂತೆ.

ಸಂಜೆ ಗಿರಣಿಯವಳ ಮಗಳು ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡೇ ಗೋಡೆಯಡಿ ನಿಂತು, ನೋಟೀಸನ್ನು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದಳು. ಸುತ್ತ ಚಿಕ್ಕ ಮಕ್ಕಳು ಕಿವಿಗೊಟ್ಟು ನಿಂತಿದ್ದವು. ಮೇಲಿನಿಂದ ಗಾರೆಯ ಪುಡಿ ಉದುರಿ ಹುಡುಗಿಯ ಜಡೆಯ ಮೇಲೆ ಬಿತ್ತು. ಅವಳು ತಲೆ ಕೊಡವಿಕೊಂಡು ಮುಂದಿನ ಸಾಲಿಗೆ ಹೋದಳು.

ಇಸ್ತ್ರಿಯಕ್ಕ ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದಳು. ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ ಗಿರಣಿಯ ಮುಂದೆ ನಿಲ್ಲಿಸಿದಳು. "ನಿನ್ನ ಮಗಳ ತಲೆ ಮುಟ್ಟಿ ನೋಡು," ಎಂದಳು. ಗಿರಣಿಯವಳು ಮುಟ್ಟಿ ನೋಡಿದಳು. ಬೆರಳಿಗೆ ಹತ್ತಿದ್ದು ಹಿಟ್ಟಲ್ಲ. ಗಿರಣಿ ನಿಲ್ಲಿಸಿದಳು.

ಮರುದಿನ ಇಸ್ತ್ರಿಯಕ್ಕ ಮೇಸ್ತ್ರಿಯ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರನ್ನು ಕರೆತಂದಳು. ಅವರು ಹಗ್ಗ ತಂದು, ಒಳಗಡೆಯಿಂದ ಎಳೆಯಲು ಗೋಡೆಗೆ ಬಿಗಿದರು. ಗಿರಣಿಯವಳು ಓಣಿಯ ಆ ಬಾಯಲ್ಲಿ, ಅತ್ತೆ ಈ ಬಾಯಲ್ಲಿ ನಿಂತು ಜನರನ್ನು ತಡೆದರು. ಅರ್ಜಿಯಣ್ಣ ಪಂಚೆ ಎತ್ತಿಕಟ್ಟಿಕೊಂಡು ಬಂದ.

"ಕಾನೂನು ಅಂತ ಒಂದಿದೆಯಕ್ಕ. ನೋಟೀಸಿನ ಗಡುವೇ ಮುಗಿದಿಲ್ಲ."

"ಗೋಡೆಗೆ ಗಡುವು ಓದೋಕೆ ಬರಲ್ಲ."

"ಬರೋ ವರ್ಷ ಅವರು ಬಂದಾಗ ಏನು ತೋರಿಸೋದು?"

"ನನ್ನನ್ನ ತೋರಿಸು."

ಅವನು ಹೋಗಿ ಹಗ್ಗದ ಕೊನೆ ಹಿಡಿದ. ಗೋಡೆ ಹೆಚ್ಚು ಸತಾಯಿಸಲಿಲ್ಲ. ಎರಡನೇ ಎಳೆತಕ್ಕೇ ಒಳಮುಖವಾಗಿ ಬಿತ್ತು. ಅದು ಬಿದ್ದ ಸದ್ದಿಗೆ ಅತ್ತೆ ನೆಲಕ್ಕೆ ಕುಸಿದು ಕೂತಳು, ಮಗ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಇಸ್ತ್ರಿಯಕ್ಕ ಅವಳ ಪಕ್ಕ ಕೂತಳು. ಕೂರಲು ಆಯಿತು.

ಉಳಿದ ಗೋಡೆಗಳನ್ನೂ ಕೆಡವಿ ಇಟ್ಟಿಗೆ ಸಾಗಿಸಿದ್ದಾಯಿತು. ಮುಂದಿನ ವರ್ಷ ಅಧಿಕಾರಿ ಬಂದ. ಹಾಳುಮನೆ ಇಲ್ಲ, ಬೀದಿ ಸುಧಾರಿಸಿದೆ ಎಂದು ಬರೆದುಕೊಂಡ. ತೆರಿಗೆ ಏರಿತು. ಕೆಲವರು ಇಸ್ತ್ರಿಯಕ್ಕನಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಇನ್ನು ಕೆಲವರು ಕೊಡುತ್ತಾರೆ, ಮಾತಾಡುವುದಿಲ್ಲ. ಅರ್ಜಿಯಣ್ಣ ಹೊಸ ತಕರಾರು ಬರೆದಿದ್ದಾನೆ. ಮೊದಲು ಚರಂಡಿ ಮುಚ್ಚಿ, ಆಮೇಲೆ ದರ್ಜೆ ಏರಿಸಿ ಎಂದು. ಕೆಳಗೆ ಇಸ್ತ್ರಿಯಕ್ಕನ ಹೆಬ್ಬೆಟ್ಟೂ ಇದೆ.

ಮೂಲೆಮನೆಯ ಜಾಗ ಈಗ ಬಯಲು. ಬಯಲು ಕಂಡರೆ ಜನರ ಕೈ ಸುಮ್ಮನಿರುವುದಿಲ್ಲ. ರಾತ್ರಿ ಬೇರೆ ಬೀದಿಯವರೂ ಬಂದು ಕಸ ಸುರಿದು ಹೋಗುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಇಸ್ತ್ರಿಯಕ್ಕ ತಗಡಿನ ಬುಟ್ಟಿ ಹಿಡಿದು ಅಲ್ಲಿಗೆ ಹೋಗುತ್ತಾಳೆ. ಒಡೆದ ಬಾಟಲಿ ಮೊದಲು ಆರಿಸುತ್ತಾಳೆ, ಮಕ್ಕಳು ಬರಿಗಾಲಲ್ಲಿ ಬರುತ್ತವೆ ಎಂದು. ಆಮೇಲೆ ಚಿಂದಿ, ಕೊಳೆತ ತರಕಾರಿ, ಯಾರದೋ ಹರಿದ ಚಪ್ಪಲಿ. ಬುಟ್ಟಿ ತುಂಬಿದರೆ ಸೊಂಟಕ್ಕೆ ಆನಿಸಿಕೊಂಡು ರಸ್ತೆಯ ತೊಟ್ಟಿಗೆ ಹಾಕಿ ಬರುತ್ತಾಳೆ. ಉಳಿದದ್ದಕ್ಕೆ ಮತ್ತೊಮ್ಮೆ ಬಗ್ಗುತ್ತಾಳೆ.