ರಷ್ಯದ ಪ್ಲೇಟುಗಳು

ದಾವಣಗೆರೆಯ ಕಲಾಭವನವೊಂದರ ಆಡಳಿತ ಮಂಡಳಿಯವರು ಸತ್ತವರಿಗೆ ಕೊಟ್ಟ ಮಾತನ್ನು ಗುಜರಿಗೆ ಹಾಕಿದ್ದಾರೆ. ಇದು ನನ್ನ ನೇರ ಆರೋಪ. ಭವನದ ಹೆಸರನ್ನು ಬರೆಯುವುದಿಲ್ಲ; ಅವರಿಗೆ ಅದು ಗೊತ್ತು. ಆದರೆ ಈ ಆರೋಪದೊಂದಿಗೆ ಹೆಣೆದುಕೊಂಡಿರುವ ಇನ್ನೊಂದು ಸಂಗತಿಯನ್ನು ಬಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಹೇಳಿದರೆ ನನ್ನನ್ನು ನಂಬುವವರು ಕಡಿಮೆಯಾಗುತ್ತಾರೆ. ಎರಡನ್ನೂ ತೂಗಿ ನೋಡಿ, ಹೇಳುವುದೆಂದೇ ತೀರ್ಮಾನಿಸಿದ್ದೇನೆ.

ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗೆಳತಿಯರು ದೆವ್ವದ ಕಥೆ ತೆಗೆದರೆ ಸಾಕ್ಷಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗಲೂ ದೆವ್ವವನ್ನು ಕಂಡೆನೆಂದು ಹೇಳುತ್ತಿಲ್ಲ. ಕೇಳಿಸಿದ್ದನ್ನಷ್ಟೇ ಹೇಳುತ್ತಿದ್ದೇನೆ.

ಹರಿಹರದ ಚನ್ನವೀರಯ್ಯ ಮೇಷ್ಟ್ರು ನನಗೆ ಪಿಟೀಲು ಕಲಿಸಿದವರು. ಶಾಲೆಯ ದಿನಗಳಲ್ಲಿ ಪ್ರತಿ ಭಾನುವಾರ ದಾವಣಗೆರೆಯಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ಅವರ ಹರೆಯದಲ್ಲಿ ನಮ್ಮೂರಿಗೆ ರಷ್ಯದ ಪುಸ್ತಕ ಮಾರುವ ಗಾಡಿಯೊಂದು ಬರುತ್ತಿತ್ತಂತೆ. ಅದರಲ್ಲಿ ನಾಲ್ಕು ಜನ ವಾದ್ಯ ಹಿಡಿದು ಕೂತ ಚಿತ್ರವಿದ್ದ ಕೆಲವು ರೆಕಾರ್ಡುಗಳು ಕಂಡವು. ಮೇಲಿನ ಅಕ್ಷರ ಓದಲು ಬರದಿದ್ದರೂ ಚಿತ್ರವನ್ನು ನಂಬಿ ಕೊಂಡರು. ಎರಡು ಪಿಟೀಲು, ಅವಕ್ಕಿಂತ ತುಸು ದೊಡ್ಡದಾದ ವಯೋಲ, ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೊ. ಈ ನಾಲ್ಕಕ್ಕಾಗಿ ರಷ್ಯದ ಒಬ್ಬ ರಚನಕಾರ ಕಳೆದ ಶತಮಾನದ ಆರಂಭದಲ್ಲಿ ಬರೆದ ಸಂಗೀತ ಅದು. ಅವನ ಹೆಸರು ನನಗೆ ಬಹಳ ತಡವಾಗಿ ತಿಳಿಯಿತು. ಮೇಷ್ಟ್ರಿಗೆ ಅವನು ಕೊನೆಯವರೆಗೂ ‘ರಷ್ಯದೋನು’. ಇಲ್ಲಿಯೂ ಹಾಗೆಯೇ ಇರಲಿ.

ಕಿವಿಗೆ ಹಿತವಾಗುವ ಸಂಗೀತವೇನೂ ಅಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಹಿಡಿಸದ, ಆದರೂ ಎದ್ದು ಹೋಗಲಾರದ ನಾಲ್ಕು ಜನ ಒಂದೇ ಕೋಣೆಯಲ್ಲಿ ಮಾತಾಡಿದಂತೆ ಅದು ಕೇಳಿಸುತ್ತದೆ. ಪಾಠ ಮುಗಿದ ಮೇಲೆ ಮೇಷ್ಟ್ರು ಅದನ್ನು ಹಾಕುತ್ತಿದ್ದರು. ಕಣ್ಣು ಮುಚ್ಚಿಕೊಂಡು, “ಜಗಳಾಡ್ತಾನೆ ನೋಡವ್ವಾ, ಆದ್ರೆ ಮನಿ ಬಿಟ್ಟು ಹೋಗಲ್ಲ” ಎನ್ನುತ್ತಿದ್ದರು.

ನಮ್ಮ ಕಡೆಯ ಹಳಬರು ಇಂಥ ರೆಕಾರ್ಡನ್ನು ‘ಪ್ಲೇಟು’ ಎನ್ನುತ್ತಾರೆ. ಈ ಒಂದು ಶಬ್ದ ಆ ಸಂಗೀತವನ್ನು ಎರಡು ಸಲ ಕೆಡಿಸಿತು. ಮೊದಲ ಸಲ ಸುಟ್ಟವಳು ಮೇಷ್ಟ್ರ ಮಗಳು ಗಿರಿಜಕ್ಕ. ಚಿಕ್ಕವಳಿದ್ದಾಗ, ಪ್ಲೇಟು ಎಂದಿದ್ದನ್ನು ಊಟದ ತಟ್ಟೆಯೆಂದೇ ತಿಳಿದು, ಕಾವಲಿಯಿಂದ ಆಗ ತಾನೇ ತೆಗೆದ ರೊಟ್ಟಿಯನ್ನು ಅಪ್ಪನಿಗಾಗಿ ಒಂದು ರೆಕಾರ್ಡಿನ ಮೇಲೆ ಇಟ್ಟುಬಿಟ್ಟಿದ್ದಳು. ರೆಕಾರ್ಡು ಒಂದು ಕಡೆ ಸೊಟ್ಟಗಾಯಿತು. ಮೇಷ್ಟ್ರು ಬೈಯಲಿಲ್ಲ. “ರಷ್ಯದೋನಿಗೆ ನಮ್ಮ ಹುಡುಗಿ ಊಟಕ್ಕೆ ಬಡಿಸ್ಯಾಳೆ” ಎಂದು ಊರೆಲ್ಲ ಹೇಳಿಕೊಂಡು ನಕ್ಕರಂತೆ.

ಸೊಟ್ಟಗಾದ ಆ ಜಾಗ ಬಂದರೆ ಯಂತ್ರದ ಮುಳ್ಳು ಹಾರುತ್ತಿತ್ತು. ಆದ್ದರಿಂದ ಅದು ಬರುವ ಮೊದಲೇ ಮೇಷ್ಟ್ರು ಮುಳ್ಳನ್ನು ಎತ್ತಿ ಹಿಡಿದು, ಅಲ್ಲಿ ಏನಿದ್ದಿರಬಹುದೋ ಅದನ್ನು ತಾವೇ ಹಾಡಿ, ಸೊಟ್ಟ ಜಾಗ ದಾಟಿಸಿ ಮತ್ತೆ ಇಳಿಸುತ್ತಿದ್ದರು. ಕೆಳಕ್ಕೆ ಇಳಿಯುತ್ತ ಇಳಿಯುತ್ತ, ಕೊನೆಯಲ್ಲಿ ಮನಸ್ಸು ಬದಲಿಸಿದಂತೆ ಒಂದೇ ಒಂದು ಸ್ವರ ಮೇಲಕ್ಕೆ ತಿರುಗುವ ತುಣುಕು. “ನಿಜವಾಗ್ಲೂ ಹಂಗೈತಾ ಮೇಷ್ಟ್ರೇ?” ಎಂದು ಕೇಳಿದರೆ, “ಇಷ್ಟು ಹೇಳಿರ್ತಾನೆ ಬಿಡವ್ವಾ, ಇಲ್ಲಂದ್ರೆ ಮುಂದಿನ ಮಾತು ಹೆಂಗೆ ಬರ್ತೈತೆ?” ಎನ್ನುತ್ತಿದ್ದರು. ಅದನ್ನು ನಾವಿಬ್ಬರೂ ‘ರೊಟ್ಟಿ ಜಾಗ’ ಎಂದೇ ಕರೆಯುತ್ತಿದ್ದೆವು.

ತೀರಿಕೊಳ್ಳುವ ಮೊದಲು ಮೇಷ್ಟ್ರು ಆ ರೆಕಾರ್ಡುಗಳನ್ನೂ ಅವುಗಳನ್ನು ನುಡಿಸುವ ಕರೆಂಟಿನ ಯಂತ್ರವನ್ನೂ ಕಲಾಭವನಕ್ಕೆ ಕೊಟ್ಟರು. ಒಂದೇ ಷರತ್ತು: ವರ್ಷಕ್ಕೊಮ್ಮೆ ಬಾಗಿಲು ತೆಗೆದು, ಬಂದವರಿಗೆ ಕೇಳಿಸಬೇಕು. ಮಂಡಳಿಯವರು ವೇದಿಕೆಯ ಮೇಲೆ ಶಾಲು ಹೊದಿಸಿ, ಒಪ್ಪಿಕೊಂಡು, ಫೋಟೋ ತೆಗೆಸಿಕೊಂಡರು. ಪೆಟ್ಟಿಗೆಯ ಮೇಲೆ ಮೇಷ್ಟ್ರು ತಮ್ಮ ದುಂಡು ಅಕ್ಷರದಲ್ಲಿ ‘ಪ್ಲೇಟುಗಳು’ ಎಂದು ಬರೆದಿದ್ದರು.

ಮೇಷ್ಟ್ರ ವರ್ಷಾಬ್ದಿಯ ಹಿಂದಿನ ದಿನ ಭವನಕ್ಕೆ ಹೋಗಿ, ಮರುದಿನ ಕೇಳಿಸಲು ರೆಕಾರ್ಡುಗಳು ಎಲ್ಲಿವೆ ಎಂದು ವಿಚಾರಿಸಿದಾಗ ಕಾರ್ಯದರ್ಶಿಗಳು ಮೊದಲು ನಕ್ಕರು. “ರಷ್ಯದ ಪ್ಲೇಟಾ? ದೋಸೆ ತಿನ್ನಾಕೇನ್ರಿ ಮೇಡಂ?” ಆಮೇಲೆ ತಿಳಿಯಿತು. ಮದುವೆಗೆ ಬಾಡಿಗೆ ಕೊಡುವ ಪಾತ್ರೆಗಳ ಕೋಣೆಯಲ್ಲಿ ಪೆಟ್ಟಿಗೆ ಇತ್ತು. ತೂತು ಬಿದ್ದ ತಪ್ಪಲೆ, ಸೊಟ್ಟ ತಟ್ಟೆಗಳ ಜೊತೆ ಅದೂ ಗುಜರಿಗೆ ಹೋಗಿತ್ತು. “ಪ್ಲೇಟು ಅಂತ ಬರ್ದಿದ್ರೆ ನಾವೇನ್ ತಿಳ್ಕಬೇಕ್ರಿ? ಬಿಚ್ಚಿ ನೋಡಾಕೆ ಯಾರಿಗೈತೆ ಪುರಸೊತ್ತು?” ಎಂದರು. ಇದನ್ನೇ ಒಂದು ಮಗು ಮಾಡಿದರೆ ಅದು ಪ್ರೀತಿಯ ತಪ್ಪು. ಸಹಿ ಹಾಕುವ ಅಧಿಕಾರವಿರುವವರು ಬಿಚ್ಚಿಯೂ ನೋಡದೆ ಮಾಡಿದರೆ ಅದನ್ನು ಬರೀ ತಪ್ಪು ಎನ್ನಲು ನನಗೆ ಮನಸ್ಸಾಗದು.

ಗಿರಿಜಕ್ಕನಿಗೆ ಅಂದು ತಿಳಿಸುವ ಧೈರ್ಯ ನನಗೆ ಬರಲಿಲ್ಲ. ಮರುದಿನ ಮಧ್ಯಾಹ್ನ ಅವಳು ಹರಿಹರದಿಂದ ಬಸ್ಸಿನಲ್ಲಿ ಬಂದು, ತಲೆಯಲ್ಲಿ ಮಲ್ಲಿಗೆ ಮುಡಿದು, ಭವನದ ಮೆಟ್ಟಿಲ ಬಳಿ ನಿಂತಿದ್ದಳು. ಅಲ್ಲಿಯೇ ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ, “ಮಿಷನ್ನಾದ್ರೂ ಐತಾ?” ಎಂದಳು. ಇತ್ತು. “ಹಂಗಾದ್ರೆ ಅದರ ಮುಂದೆ ಒಂಚೂರು ಕೂತು ಬರಾನ ಬಾರೆ. ಅಪ್ಪಾಜಿಗೆ ಬರ್ತೀನಂದಿದ್ದೆ.”

ಕಾವಲುಗಾರ ಬಸಣ್ಣ ಹೊಸಬ. ಮೇಷ್ಟ್ರನ್ನು ಕಂಡವನೇ ಅಲ್ಲ. ಬೀಗ ತೆಗೆಯುತ್ತ, “ಪ್ಲೇಟಿಲ್ದ ಮಿಷನ್ನು, ಏನ್ ಕೇಳ್ತೀರಿ ಯಕ್ಕಾ?” ಎಂದು ಗೊಣಗಿದ. ಮೇಲಿನ ಕೋಣೆಯಲ್ಲಿ ಕುರ್ಚಿಗಳು ಒಂದರ ಮೇಲೊಂದು ಪೇರಿಸಿದ್ದವು. ಕರೆಂಟು ಹೋಗಿತ್ತು. ಗಿರಿಜಕ್ಕ ಯಂತ್ರದ ಮೇಲಿನ ಬಟ್ಟೆ ಸರಿಸಿ, ಸೆರಗಿನಿಂದ ಧೂಳು ಒರೆಸಿ ಕುಳಿತಳು. ಬಸಣ್ಣ ಬಾಗಿಲಲ್ಲಿ ನಿಂತ.

ಮೊದಲು ಚೆಲ್ಲೊ ಕೇಳಿಸಿತು. ಗೋಡೆಯಾಚೆಯಿಂದ ಬಂದಂತೆ ಮೆಲ್ಲಗೆ, ಆಮೇಲೆ ಕೋಣೆಯೊಳಗೇ. ಹಿಂದೆಯೇ ಉಳಿದ ಮೂರೂ ಬಂದವು. ಯಂತ್ರದ ತಟ್ಟೆ ತಿರುಗುತ್ತಿರಲಿಲ್ಲ, ಅದನ್ನೇ ನೋಡುತ್ತಿದ್ದೆ. ನನ್ನ ಫೋನು ನನ್ನ ಕೈಯಲ್ಲಿ ಸುಮ್ಮನಿತ್ತು. ಹೆದರಿಕೆಯಾಯಿತೆಂದು ಬರೆಯಲಾರೆ. ಭಾನುವಾರದ ಪಾಠ ಮುಗಿದಾಗ ಆಗುತ್ತಿದ್ದ ದಣಿವು ಮಾತ್ರ ಮೈಯಲ್ಲಿ ಇಳಿಯಿತು. ರೊಟ್ಟಿ ಜಾಗ ಹತ್ತಿರವಾದಂತೆ, ಮುಳ್ಳು ಎತ್ತಲು ಗಿರಿಜಕ್ಕನ ಕೈ ತಾನಾಗಿ ಮೇಲೆದ್ದಿತು. ಎತ್ತಲು ಅಲ್ಲಿ ಏನೂ ಇರಲಿಲ್ಲ. ಸಂಗೀತ ಹಾರಲಿಲ್ಲ, ನಿಲ್ಲಲಿಲ್ಲ. ಕೆಳಕ್ಕೆ ಇಳಿಯಿತು, ಇಳಿಯಿತು, ಕೊನೆಯಲ್ಲಿ ಒಂದು ಸ್ವರ ಮೇಲಕ್ಕೆ ತಿರುಗಿತು. ಮೇಷ್ಟ್ರು ಹಾಡುತ್ತಿದ್ದ ಆ ತುಣುಕನ್ನು ನಾಲ್ಕೂ ವಾದ್ಯಗಳು ಕೂಡಿ ನುಡಿಸಿದವು. ಆಮೇಲೆ ಮುಂದಿನದು, ಕೊನೆಯವರೆಗೂ.

ಗಿರಿಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಬಹಳ ಹೊತ್ತಾದ ಮೇಲೆ, “ಈ ಸಲ ನನ್ನ ರೊಟ್ಟಿ ಸುಡಲಿಲ್ಲ ನೋಡೇ” ಎಂದಳು.

ಕಿಟಕಿ ತೆಗೆದು ನೋಡಿದೆ. ಕೆಳಗಿನ ಅಂಗಡಿಗಳಲ್ಲಿ ಕರೆಂಟಿಲ್ಲದೆ ಜನ ಹೊರಗೆ ಕೂತಿದ್ದರು. ಯಾರೂ ಹಾಡು ಏನೂ ಹಚ್ಚಿರಲಿಲ್ಲ. ನಾವಿಬ್ಬರೂ ದುಃಖದಲ್ಲಿ ನೆನಪನ್ನೇ ಕೇಳಿಸಿಕೊಂಡೆವೆಂದು ನನಗೆ ನಾನೇ ಹೇಳಿಕೊಂಡೆ. ಆ ವಿವರಣೆ ಮೆಟ್ಟಿಲಿಳಿಯುವವರೆಗೆ ಉಳಿಯಿತು. ಮುಂದೆ ಇಳಿಯುತ್ತಿದ್ದ ಬಸಣ್ಣ ಬೀಗದ ಕೈ ಗೊಂಚಲು ಆಡಿಸುತ್ತ ಗುನುಗುತ್ತಿದ್ದ. ರೊಟ್ಟಿ ಜಾಗವನ್ನು.

“ಎಲ್ಲಿ ಕಲ್ತ್ರಿ ಬಸಣ್ಣ ಅದನ್ನ?” ಎಂದೆ.

“ಈಗ ಕೇಳ್ತಲ್ರಿ, ಆ ಪಿಟೀಲು. ಅದೊಂದ್ ಜಾಗ ಭಾಳ ಚೆಂದೈತೆ. ಮಿಷನ್ನಾಗೆ ಪ್ಲೇಟ್ ಎಲ್ಲಿಟ್ಟಿದ್ರಿ, ನಂಗೆ ಕಾಣ್ಲೇ ಇಲ್ಲ.”

ಅಂದಿನಿಂದ ಆ ರಚನೆಯ ಎಷ್ಟೋ ಧ್ವನಿಮುದ್ರಣಗಳನ್ನು ಫೋನಿನಲ್ಲಿ ಹುಡುಕಿ ಕೇಳಿದ್ದೇನೆ. ರೊಟ್ಟಿ ಜಾಗದಲ್ಲಿ ರಷ್ಯದೋನು ಬರೆದದ್ದು ಬೇರೆಯೇ. ಅವನು ಏರುತ್ತಾನೆ, ಮೇಷ್ಟ್ರು ಇಳಿಯುತ್ತಾರೆ. ಮೇಷ್ಟ್ರ ಊಹೆ ತಪ್ಪಾಗಿತ್ತು. ಆ ತಪ್ಪನ್ನು ನಾಲ್ಕು ವಾದ್ಯಗಳಲ್ಲಿ ನುಡಿಸಿದ ಧ್ವನಿಮುದ್ರಣ ನನಗೆ ಎಲ್ಲಿಯೂ ಸಿಕ್ಕಿಲ್ಲ. ಬಸಣ್ಣ ಕೇಳಿದ್ದು ಯಾವುದನ್ನು? ನನ್ನ ಬಳಿ ಉತ್ತರವಿಲ್ಲ. ಇದೆಯೆಂದು ನಟಿಸುವುದೂ ಇಲ್ಲ.

ಉತ್ತರ ಇರಲೇಬೇಕಾದ ಪ್ರಶ್ನೆಗಳು ಬೇರೆ ಇವೆ. ಆದ್ದರಿಂದ ಆಡಳಿತ ಮಂಡಳಿಯ ಮಾನ್ಯ ಸದಸ್ಯರನ್ನು ಈ ಮೂಲಕ ವಿನಂತಿಸುತ್ತೇನೆ: ಪೆಟ್ಟಿಗೆಯನ್ನು ತೆರೆಯದೆ ವಿಲೇವಾರಿ ಮಾಡಲು ಒಪ್ಪಿಗೆ ಕೊಟ್ಟವರು ಯಾರೆಂದು ಮೇಷ್ಟ್ರ ಮಗಳಿಗೆ ಲಿಖಿತವಾಗಿ ತಿಳಿಸಿರಿ. ಗುಜರಿಯವರಲ್ಲಿ ಉಳಿದಿದ್ದರೆ, ಒಡೆದ ಚೂರಾದರೂ ಸರಿ, ಹುಡುಕಿಸಿ ಅವಳಿಗೆ ಒಪ್ಪಿಸಿರಿ. ಒಪ್ಪಿಕೊಂಡ ಷರತ್ತಿನಂತೆ ಪ್ರತಿ ವರ್ಷ, ಮೇಷ್ಟ್ರ ವರ್ಷಾಬ್ದಿಯ ದಿನ, ಕೋಣೆಯ ಬಾಗಿಲು ತೆರೆಯಿರಿ. ಕೇಳಿಸಲು ಏನೂ ಇಲ್ಲವೆಂಬ ನೆಪ ಬೇಡ. ಯಂತ್ರ ಇನ್ನೂ ಅಲ್ಲಿಯೇ ಇದೆ, ಗಿರಿಜಕ್ಕ ಬರುತ್ತಾಳೆ.