ಅಜ್ಜಿಯ ಮದುವೆಗೆ ಫೋಟೊ ಬೇಕಂತೆ

ನೀವು ನಂಬುವುದಿಲ್ಲವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ: ಹೋದ ತಿಂಗಳು ನಾನು ನನ್ನ ಅಜ್ಜಿ-ತಾತನಿಗೆ ಮದುವೆ ಮಾಡಿಸಿದೆ. ಅದೂ ಅಕ್ಕೂರಿನ ನಮ್ಮ ನಡುಮನೆಯಲ್ಲಿ, ಒಲೆಯ ಮೇಲೆ ಹುರುಳಿ ಬೇಯುತ್ತಿರುವಾಗ, ಪುರೋಹಿತರಿಲ್ಲದೆ, ವಾಲಗವಿಲ್ಲದೆ, ಒಂದು ಮೊಬೈಲು ಮತ್ತು ನನ್ನ ಅಪಾರ ಬುದ್ಧಿವಂತಿಕೆಯ ಬಲದಿಂದ. ಪಿಯುಸಿ ಓದುವ ಹುಡುಗಿಗೆ ಇದು ಸಣ್ಣ ಸಾಧನೆಯಲ್ಲ.

ತಾತ ಚನ್ನಪಟ್ಟಣದ ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಈ ವರ್ಷ ಎದೆನೋವು ಬಂದು ಆಸ್ಪತ್ರೆ ಸೇರಿ ವಾಪಸಾದ ಮೇಲೆ ಅವರಿಗೆ ಒಂದೇ ಕೊರಗು: ಪಿಂಚಣಿ ಕಾಗದದಲ್ಲಿ ಹೆಂಡತಿಯ ಹೆಸರಿಲ್ಲ. ತಮ್ಮ ನಂತರ ಅದು ಅಜ್ಜಿಗೆ ಸಿಗಬೇಕಾದರೆ ಹೆಸರು ಸೇರಬೇಕು, ಹೆಸರು ಸೇರಲು ಮದುವೆಯ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ಮದುವೆ ನೋಂದಣಿಯಾಗಿರಬೇಕು. ಆಗಿರಲಿಲ್ಲ. ಅವರ ಕಾಲದಲ್ಲಿ ಮದುವೆಯೆಂದರೆ ಊರಿಗೆ ಊಟ ಹಾಕುವುದು; ನೋಂದಣಿಯೆಂದರೆ ಉಂಡವರು ಸಾರಿಗೆ ಉಪ್ಪು ಕಡಿಮೆಯಿತ್ತೆಂದು ಬದುಕಿರುವ ತನಕ ಆಡಿಕೊಳ್ಳುವುದು.

"ಈಗೆಲ್ಲ ಆನ್‌ಲೈನ್ ತಾತ. ನೀವು ಕಾಫಿ ಕುಡಿಯೋದ್ರೊಳ್ಗೆ ನಿಮ್ಮಿಬ್ರನ್ನೂ ಗಂಡ-ಹೆಂಡ್ತಿ ಮಾಡ್ಬುಡ್ತೀನಿ," ಎಂದೆ.

"ಅಂಗಾರೆ ಇಷ್ಟ್ ದಿನ ನಾವ್ ಏನಾಗಿದ್ವಮ್ಮಿ?" ಎಂದರು ತಾತ.

ಅಜ್ಜಿ ಅಡುಗೆಮನೆಯಿಂದಲೇ, "ಈಗ್ಲಾರ ಗೊತ್ತಾಯ್ತಲ್ಲ ಬುಡು. ಒಸಿ ಯೋಚ್ನೆ ಮಾಡ್ತೀನಿ, ನಂಗೇನ್ ಅರ್ಜೆಂಟಿಲ್ಲ," ಎಂದರು.

ನಗಬೇಡಿ, ಅಥವಾ ನಕ್ಕು ಮುಗಿಸಿ ಮುಂದೆ ಓದಿ. ಸರ್ಕಾರದ ಈ ಹೊಸ ಪದ್ಧತಿಯನ್ನು ನಾನು ಹಳಿಯುವವಳಲ್ಲ. ನಮ್ಮ ಮನೆಯಲ್ಲಿ ಹೊಲ ತಾತನ ಹೆಸರಿನಲ್ಲಿದೆ, ಟ್ರ್ಯಾಕ್ಟರು ಅಪ್ಪನ ಹೆಸರಿನಲ್ಲಿದೆ, ಕರೆಂಟ್ ಬಿಲ್ಲು ನಾನು ಹುಟ್ಟುವ ಮೊದಲೇ ತೀರಿಹೋದ ಮುತ್ತಾತನ ಹೆಸರಿಗೆ ಈಗಲೂ ಮರ್ಯಾದೆಯಿಂದ ಬರುತ್ತದೆ. ಸತ್ತವರೊಬ್ಬರು ತಿಂಗಳು ತಿಂಗಳೂ ಬಲ್ಬು ಉರಿಸುವ ಮನೆಯಲ್ಲಿ, ಬದುಕಿ ಓಡಾಡಿಕೊಂಡು ಎಲ್ಲರಿಗೂ ಮುದ್ದೆ ಕಟ್ಟುವ ಅಜ್ಜಿ ಯಾರ ಹೆಂಡತಿಯೆಂದು ಹೇಳುವ ಒಂದು ಚೂರು ಕಾಗದವಿಲ್ಲ. ಕಾನೂನು ಕೇಳುವುದು ಅದನ್ನಷ್ಟೇ. ಕೇಳುವ ಧಾಟಿ ಮಾತ್ರ ಸ್ವಲ್ಪ ಒರಟು.

ಅರ್ಜಿ ಸಲೀಸಾಗಿ ಸಾಗಿತ್ತು. ಆಧಾರ್ ಆಯಿತು, ಓಟಿಪಿ ಆಯಿತು, ಆಮೇಲೆ "ಮದುವೆಯ ಫೋಟೊ" ಎಂಬ ಖಾಲಿ ಚೌಕ ಬಂದು ಕೂತಿತು. ಫೋಟೊ ಎಲ್ಲಿಂದ ಬರಬೇಕು? ಆವತ್ತು ಪೇಟೆಯಿಂದ ಫೋಟೊದವನು ಬಂದಿದ್ದನಂತೆ. ಕ್ಯಾಮೆರಾಗೆ ಹಾಕುವ ರೀಲು ಬಂದಿರಲಿಲ್ಲವಂತೆ. ಅವನು ಊಟ ಮಾಡಿಕೊಂಡು ಹೋದನಂತೆ.

ಬೇರೆ ಯಾರಾದರೂ ಆಗಿದ್ದರೆ ಆ ಪುಟದಲ್ಲಿ ಕೆಳಗೆ ಇನ್ನೇನಿದೆಯೆಂದು ಓದುತ್ತಿದ್ದರು. ನಾನು ಮಂಟಪ ಕಟ್ಟಿದೆ. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ಅದಕ್ಕೆ ಕನಕಾಂಬರ ಸಿಕ್ಕಿಸಿ, ಮುಂದೆ ಇಬ್ಬರನ್ನೂ ಕೂರಿಸಿದೆ. ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ, ಸುಕ್ಕು ಅಳಿಸುವ ಫಿಲ್ಟರು ಹಾಕಿ ನೋಡಿದರೆ ಅಜ್ಜಿ ನನ್ನ ಕ್ಲಾಸ್‌ಮೇಟಿನಂತೆ, ತಾತ ಸುಲಿದ ಮೊಟ್ಟೆಯಂತೆ ಕಂಡರು. ಇನ್ನು ಉಳಿದದ್ದು ತಾಳಿ ಕಟ್ಟುವ ಒಂದು ಚಿತ್ರ.

"ಅಜ್ಜಿ, ಒಂದ್ ನಿಮ್ಷ ತಾಳಿ ತೆಗ್ದು ಕೊಡು, ತಾತ ಮತ್ತೆ ಕಟ್ತಾರೆ."

ಅಲ್ಲಿಯವರೆಗೆ ನಗುತ್ತಿದ್ದ ಅಜ್ಜಿಯ ಕೈ ಕೊರಳಿಗೆ ಹೋಯಿತು. "ಆಸ್ಪತ್ರೆಲಿ ಅವ್ರುನ್ನ ಒಳಿಕ್ ಕರ್ಕೊಂಡೋದ್ರಲ್ಲ, ಬಾಗ್ಲು ತೆಗೆಯೋಗಂಟ ಇದುನ್ನ ಹಿಡ್ಕಂಡೇ ಕುಂತಿದ್ದೆ ಕಣಮ್ಮಿ. ಈಗ ಫೋಟೊಗೆ ಅಂತ ತೆಗೀಲಾ?"

ಚಾಚಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಮದುವೆಯಾಗಿದೆಯೆಂದು ತೋರಿಸಲು ಮದುವೆಯ ಗುರುತನ್ನೇ ಕಳಚಿಡು ಎಂದಿದ್ದೆ. ನಮ್ಮ ಕಡೆ ಅದು ಕೊರಳಿನಿಂದ ಇಳಿಯುವುದು ಒಂದೇ ಒಂದು ದಿನ, ಮತ್ತು ನಾವು ಮಾಡಿಸಹೊರಟ ಕಾಗದ ಆ ದಿನದಾಚೆಗೆಂದೇ. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾವೆಲ್ಲ ಓಟಿಪಿ, ಆಧಾರ್ ಎಂದು ಬೇರೆ ಮಾತಾಡುತ್ತಿದ್ದೆವು. ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತು.

ತಾತ, "ಅದು ಅಲ್ಲೇ ಇರ್ಲಿ. ಒಂದ್ ಅರಿಶಿನದ ಕೊಂಬು ತತ್ತಾ ಅಮ್ಮಿ. ಅದ್ರ ಮ್ಯಾಲೇ ಇನ್ನೊಂದ್ ಕಟ್ತೀನಿ," ಎಂದರು.

"ಒಂದ್ ಕಟ್ಟಿಸ್ಕಂಡು ಪಟ್ಟಿದ್ದು ಸಾಲ್ದಾ?" ಎಂದರು ಅಜ್ಜಿ. ಆದರೆ ತಲೆ ಬಗ್ಗಿಸಿದರು.

ದಾರಕ್ಕೆ ಅರಿಶಿನ ಹಚ್ಚಿ ಕೊಂಬು ಕಟ್ಟಿಕೊಟ್ಟೆ. ಒಂದು ಕಾಲಕ್ಕೆ ಕಣ್ಣಿಗೆ ಕಾಣದ ರೇಷ್ಮೆ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ಜೋಡಿಸುತ್ತಿದ್ದ ತಾತನ ಕೈ, ಈಗ ಆ ದಪ್ಪ ದಾರದ ತುದಿಗೆ ತಡಕಾಡುತ್ತಿತ್ತು. ಮೊದಲ ಗಂಟಿಗೇ ಸಾಕಷ್ಟು ಹೊತ್ತು ಹಿಡಿಯಿತು. ಎರಡನೆಯದು ಜಾರಿ, ಬಿಚ್ಚಿ, ಮತ್ತೆ ಬಿತ್ತು. ಕ್ಲಿಕ್ಕಿಸಬೇಕಾದ ನಾನು ಮೊಬೈಲು ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದೆ.

ಆಗ ಅಪ್ಪ ಒಳಗೆ ಬಂದರು. ಹೆತ್ತವರ ಮದುವೆಗೆ ತಡವಾಗಿ ಬಂದ ಮಗನ ಮುಖ ಹೇಗಿರುತ್ತದೆಂದು ನೋಡಿದವರು ಲೋಕದಲ್ಲಿ ಕಡಿಮೆ; ನಾನು ನೋಡಿದ್ದೇನೆ.

"ಏನೇ ಇದು?"

"ಅಪ್‌ಲೋಡ್ ಮಾಡೋಕೆ..."

"ಸುಳ್ ಫೋಟೊ ಹಾಕುದ್ರೆ ಸರ್ಟಿಫಿಕೇಟ್ ಬರಕಿಲ್ಲ, ಕೇಸ್ ಬತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಲ್ ಕೇಳ್ಕಂಡೇ ಬಂದಿವ್ನಿ. ಫೋಟೊ ಇಲ್ದಿದ್ರೆ ಆವತ್ ಮದ್ವೇಲಿ ಇದ್ದೋರು ಬಂದು ಸಾಕ್ಷಿ ಹೇಳ್ಬೇಕಂತೆ, ಅಷ್ಟೇಯ. ಅವ್ವನ ತಮ್ಮ ಕೂಟಗಲ್ಲಿಂದ ನಾಳೀಕೆ ಬತ್ತಾವ್ರೆ." ಹೀಗೆಂದು ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಆಫ್ ಮಾಡಿದರು. ಚಂದ್ರಿಕೆಯ ಕನಕಾಂಬರ ಕಿತ್ತು ಕೆಳಗೆ ಹಾಕಿದರು. "ಏಳಪ್ಪ, ಸಾಕು ಈ ನಾಟ್ಕ. ಡಾಕ್ಟ್ರು ರೆಸ್ಟ್ ತಕಳಿ ಅಂದವ್ರೆ," ಎಂದು ತಾತನ ತೋಳಿಗೆ ಕೈ ಹಾಕಿದರು.

ಅಜ್ಜಿ ಬಗ್ಗಿಸಿದ ತಲೆ ಎತ್ತದೆಯೇ ಹೇಳಿದರು:

"ತಡ್ಕಳ್ಳೋ. ಇನ್ನೊಂದ್ ಗಂಟೈತೆ."

ಅಪ್ಪ ತೋಳು ಬಿಟ್ಟರು. ತಾತನ ಬೆರಳುಗಳು ಮತ್ತೆ ದಾರವನ್ನು ಹುಡುಕಿದವು. ಅಪ್ಪ ಸದ್ದಿಲ್ಲದೆ ಹೊಸಿಲಿನ ಆಚೆಗೆ ಹೋಗಿ, ಚಪ್ಪಲಿ ಬಿಟ್ಟು ಬಂದು, ಕೈಕಟ್ಟಿ ನಿಂತರು.