ಜಯಶ್ರೀಬೆನ್ ಕಂಡ ನೀಲಿ

ಯಂತ್ರದ ವಿಷಯದಲ್ಲಿ ಯಾರಾದರೂ ಪವಾಡದ ಮಾತೆತ್ತಿದರೆ ನಾನು ಎದ್ದು ಹೋಗುವವನಾಗಿದ್ದೆ. ಈಗ ಕೂತು ಕೇಳುತ್ತೇನೆ. ನಂಬುತ್ತೇನೆಂದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ನೀವೇ ನೋಡಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಹಮದಾಬಾದಿನ ವಟ್ವಾದಲ್ಲಿ, ಬಟ್ಟೆಯ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿದ್ದೆ. ಅಲ್ಲಿ ಬಣ್ಣ ಪರೀಕ್ಷಿಸುತ್ತಿದ್ದ ಜಯಶ್ರೀಬೆನ್ ಉತ್ತರದ ಕಿಟಕಿಯ ಬಳಿ ನಿಂತು, ಮಾದರಿ ಬಟ್ಟೆಯನ್ನೂ ಹೊಸದಾಗಿ ಅದ್ದಿದ್ದನ್ನೂ ಅಂಚಿಗೆ ಅಂಚು ಹಿಡಿದು ‘ಪಾಸ್’ ಅಂದರೆ ಸೂರತ್ತಿನ ಗಿರಣಿಯವರು ಮರುಮಾತಾಡುತ್ತಿರಲಿಲ್ಲ. ಆ ನೋಟವನ್ನೇ ಕಂಪ್ಯೂಟರಿಗೆ ಕಲಿಸಲು ನಾನೊಂದು ನ್ಯೂರಲ್ ನೆಟ್‌ವರ್ಕ್ ಕಟ್ಟಿದೆ. ಬಣ್ಣ ಅಳೆಯುವ ಉಪಕರಣದ ಅಂಕಿಗಳನ್ನೂ ಅವರ ತೀರ್ಪುಗಳನ್ನೂ ಅದಕ್ಕೆ ಕೊಟ್ಟು, ಕಲಿಕೆ ಮುಗಿದ ಮೇಲೆ ಸಿಡಿಯಲ್ಲಿ ಬರೆದಿಟ್ಟೆ. ಆಮೇಲೆ ಹೊಸದೇನನ್ನೂ ಕಲಿಸಲಿಲ್ಲ.

“ನನ್ನ ಕಣ್ಣು ತಗೊಂಡ್ರಿ ಭಾಯಿ, ಕನ್ನಡಕವನ್ನೂ ನೀವೇ ಕೊಡಿಸಿ” ಎಂದು ಅವರು ಹಿಂದಿಯಲ್ಲಿ ಛೇಡಿಸುತ್ತಿದ್ದರು.

ಒಂದು ಮಧ್ಯಾಹ್ನ ಆ ನೆಟ್‌ವರ್ಕ್ ಒಂದು ನೀಲಿಯನ್ನೂ ಹಸಿರಿಗೆ ತಿರುಗಿದ್ದ ಇನ್ನೊಂದನ್ನೂ ಒಂದೇ ಎಂದಿತು. ಹಿಂದೆ ಇದೇ ಜೋಡಿಯನ್ನು ಅದು ಬೇರೆ ಎಂದಿತ್ತು. ಉಪಕರಣ ಸರಿಯಿತ್ತು, ಅಂಕಿಗಳೂ ಹಳೆಯವೇ. ಸಿಡಿಯಿಂದ ಮತ್ತೆ ಹಾಕಿದರೂ ಅದೇ ಉತ್ತರ.

“ನಿಮ್ಮ ಶಿಷ್ಯನ ತಲೆ ಕೆಟ್ಟಿದೆ, ಬನ್ನಿ” ಎಂದು ಜಯಶ್ರೀಬೆನ್ ಅವರನ್ನು ಕರೆದೆ. ಅವರು ಎರಡೂ ಬಟ್ಟೆಗಳನ್ನು ಬೆಳಕಿಗೆ ಹಿಡಿದರು. ಎಡಬಲ ಬದಲಿಸಿ ಮತ್ತೆ ಹಿಡಿದರು.

“ಸರ್ಖೂಜ್ ಛೇ” ಎಂದು ಗುಜರಾತಿಯಲ್ಲಿ ಅಂದು, ನನ್ನ ಕಡೆ ತಿರುಗಿದರು. “ಎರಡೂ ಒಂದೇ ಅಲ್ವಾ?”

ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಬಟ್ಟೆಗಳನ್ನು ಮಡಿಸಿಟ್ಟು, ತಾವು ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ಮೊದಲ ಸಲ ಹೇಳಿದರು.

ಆ ಮಾತ್ರೆಗಳಲ್ಲೊಂದು ಕಣ್ಣಿನ ನರಕ್ಕೆ ತಾಗಿದೆಯೆಂದು ವೈದ್ಯರು ಅದನ್ನು ನಿಲ್ಲಿಸಿದರು. ಬಣ್ಣ ಮರಳಬಹುದು, ಮರಳದೆಯೂ ಇರಬಹುದು ಎಂದರಂತೆ. ವಡೋದರಾದ ಅಕ್ಕನ ಮನೆಗೆ ಹೊರಡುವಾಗ ಜಯಶ್ರೀಬೆನ್, “ಆ ನನ್ನ ಶಿಷ್ಯನನ್ನ ಕೇಳಬೇಡಿ. ಕೇಳಿದ್ರೂ ನನಗೆ ಹೇಳಬೇಡಿ” ಎಂದರು.

ನಾನು ಕೇಳಿದೆ. ದಿನವೂ ಅದೇ ಜೋಡಿ, ದಿನವೂ ‘ಒಂದೇ’ ಎಂಬ ಉತ್ತರ. ಕೊನೆಗೊಂದು ಬೆಳಿಗ್ಗೆ ‘ಬೇರೆ’ ಎಂದಿತು. ಫೋನ್ ಎತ್ತಿದವನು ಹಾಗೇ ಇಟ್ಟುಬಿಟ್ಟೆ.

ಸಂಜೆ ಅವರೇ ಫೋನ್ ಮಾಡಿದರು. ಬೆಳಿಗ್ಗೆ ಸೀರೆ ಒಣಹಾಕುವಾಗ ಒಡಲಿನ ಹಸಿರಿನಿಂದ ಅಂಚಿನ ನೀಲಿ ಬಿಡಿಸಿಕೊಂಡಂತೆ ಕಂಡಿತಂತೆ.

ಆಮೇಲೆ, “ನಿಮಗೆ ಗೊತ್ತಿತ್ತಾ?” ಎಂದರು.

ಇಲ್ಲ ಎಂದೆ. ಗೊತ್ತಿದ್ದದ್ದು ಆ ನೆಟ್‌ವರ್ಕಿಗೆ. ಹೇಗೆ ಗೊತ್ತಾಯಿತೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ.